ಪಾಠ ಒಪ್ಪಿಸುವುದು

ಇರುಳು ಒಂಬತ್ತು ಗಂಟೆಯ ಹೊತ್ತಿಗೆ ಮಠದ ಪ್ರಸಾದನಿಲಯವೊಂದರ ಪಡಸಾಲೆಗೆ ಹೋದವರ ಕಿವಿಗೆ ಮೊದಲು ಬೀಳುವುದು ಜೇನುಗೂಡಿನ ಮೊರೆತದಂತಹ ಒಂದು ದನಿ. ಪ್ರಾರ್ಥನೆ ಮುಗಿದಿದೆ, ಪ್ರಸಾದವಾಗಿದೆ, ತಟ್ಟೆಗಳನ್ನು ತೊಳೆದು ಬೋರಲು ಹಾಕಿಯಾಗಿದೆ. ಹುಡುಗರು ಗೋಡೆಗೆ ಒರಗಿ ಸಾಲಾಗಿ ಕುಳಿತು ಓದುತ್ತಿದ್ದಾರೆ. ಆ ಸಾಲಿನ ತುದಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ರಾಘವಾಂಕನ ಹರಿಶ್ಚಂದ್ರಕಾವ್ಯದ ಎರಡು ಷಟ್ಪದಿಗಳನ್ನು ಮೇಲಿಂದ ಮೇಲೆ ಓದುತ್ತಿದ್ದಾನೆ. ಹನ್ನೆರಡನೆಯ ಸಲ ಓದುವಾಗ ನಾಲಿಗೆ ಎಲ್ಲಿಯೂ ತಡೆಯಲಿಲ್ಲ. ‘ಬಂತು’ ಎಂದುಕೊಂಡು ಪುಸ್ತಕ ಮುಚ್ಚಿ ಮಲಗಿದನು.

ಮರುದಿನ ಮೂರನೆಯ ಪಿರಿಯಡ್ಡಿನಲ್ಲಿ ಗುರುಗಳು, “ಎಲ್ಲಿ, ಹೇಳಪ್ಪಾ” ಎಂದರು. ಹುಡುಗ ಕೈಕಟ್ಟಿ ನಿಂತನು. ಎರಡು ಸಾಲು ಸರಾಗವಾಗಿ ಬಂದವು. ಮೂರನೆಯ ಸಾಲಿನ ಬಾಗಿಲಲ್ಲಿ ನಿಂತುಬಿಟ್ಟನು.

“ಓದಿಕೊಂಡು ಬರಲಿಲ್ಲವೇನೋ?”

“ಓದಿದ್ದೆ ಗುರುಗಳೆ. ರಾತ್ರಿ ಬಂದಿತ್ತು. ಈಗ ಹೋಯಿತು.”

ತರಗತಿಯೆಲ್ಲ ನಕ್ಕಿತು. ಗುರುಗಳಿಗೂ ನಗೆ ಬಂದಿರಬೇಕು. ಅವರು ಏನನ್ನೂ ಬರೆದುಕೊಳ್ಳಲಿಲ್ಲವಾದರೂ ಅವರ ಮನಸ್ಸಿನ ಹಾಜರಿಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ ಒಂದು ಮಾತು ದಾಖಲಾಯಿತು. ಅದಕ್ಕಿಂತ ಹೆಚ್ಚಿನ ಅನಾಹುತವೆಂದರೆ ಹುಡುಗನು ತಾನೇ ಆ ಮಾತನ್ನು ತನ್ನ ಎದೆಯಲ್ಲಿ ಬರೆದುಕೊಂಡನು: ದಡ್ಡ. ಕೂಲಿನಾಲಿ ಮಾಡಿ ಮಗನನ್ನು ಮಠದ ಆಶ್ರಯದಲ್ಲಿ ಬಿಟ್ಟುಹೋದ ತಂದೆತಾಯಿಗಳ ಮಗನಿಗೆ ಈ ಎರಡಕ್ಷರ ಎಷ್ಟು ಭಾರವಾದುದೆಂಬುದನ್ನು ಉಪಾಧ್ಯಾಯರಾದವರಿಗೆ ವಿವರಿಸಬೇಕಾಗಿಲ್ಲ. ಹತ್ತನೆಯ ತರಗತಿಯನ್ನು ಮುಗಿಸದೆ ಊರಿಗೆ ಹಿಂದಿರುಗಿದ ಎಷ್ಟೋ ಮಕ್ಕಳ ಗಂಟುಮೂಟೆಯಲ್ಲಿ ಇದೊಂದೇ ಮಾತು ಇರುತ್ತದೆ.

ಹುಡುಗನು ಸುಳ್ಳು ಹೇಳಿದನೆ? ಇಲ್ಲ. ರಾತ್ರಿ ಬಂದಿತ್ತು, ಬೆಳಗ್ಗೆ ಹೋಯಿತು ಎಂಬುದು ಅಕ್ಷರಶಃ ನಿಜವಾದ ಮಾತು. ಎಲ್ಲಿಗೆ ಬಂದಿತ್ತು, ಎಲ್ಲಿಗೆ ಹೋಯಿತು ಎಂಬುದೇ ವಿಚಾರಾರ್ಹವಾದ ಸಂಗತಿ.

ಈ ಪ್ರಶ್ನೆಯನ್ನು ತಕ್ಕಡಿಯಲ್ಲಿಟ್ಟು ತೂಗಿದ ಮೊದಲಿಗನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತ. ಅವನ ಪ್ರಯೋಗಕ್ಕೆ ಒಳಗಾದ ವ್ಯಕ್ತಿ ಅವನೊಬ್ಬನೇ. ಅರ್ಥವಿಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ಕಟ್ಟಿಕೊಂಡು, ಅವುಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಗಡಿಯಾರ ಹಿಡಿದು ಅಳೆದನು. 1885ರಲ್ಲಿ ಪ್ರಕಟವಾದ ಅವನ ಗ್ರಂಥದ ಪ್ರಕಾರ, ಕಲಿತ 20 ನಿಮಿಷದ ತರುವಾಯ ಶೇಕಡಾ 58ರಷ್ಟು ಶ್ರಮ ಉಳಿಯಿತು; ಒಂದು ಗಂಟೆಯ ತರುವಾಯ 44; ಒಂದು ದಿನಕ್ಕೆ 34; ಒಂದು ತಿಂಗಳಿಗೆ 21. ಮರೆವು ಮೊದಲ ಗಂಟೆಯಲ್ಲಿ ಮಹಾಪೂರದಂತೆ ನುಗ್ಗಿ, ಆಮೇಲೆ ನಿಧಾನವಾಗುತ್ತದೆ. ಅರ್ಥವುಳ್ಳ ಪದ್ಯವು ಇಷ್ಟು ಬೇಗ ಅಳಿಸುವುದಿಲ್ಲವೆಂಬುದು ದಿಟ. ಆದರೂ ಇಳಿಯುವ ರೀತಿ ಅದೇ. ಎಬ್ಬಿಂಗ್‌ಹೌಸನು ಕಂಡ ಇನ್ನೊಂದು ಸಂಗತಿ ಉಪಾಧ್ಯಾಯರಿಗೆ ಇನ್ನೂ ಹತ್ತಿರದ್ದು. ಒಂದು ಸಾಲನ್ನು ಒಂದೇ ದಿನ 68 ಸಲ ಉರುಹಾಕಿದುದರಿಂದ ಬಂದ ಫಲವು, ಮೂರು ದಿನಗಳಿಗೆ ಹಂಚಿ 38 ಸಲ ಉರುಹಾಕಿದಾಗಲೇ ದೊರಕಿತು. ಒಂದೇ ಇರುಳಿನಲ್ಲಿ ಹನ್ನೆರಡು ಸಲ ಓದಿದ ಹುಡುಗನ ಶ್ರಮದಲ್ಲಿ ಸುಮಾರು ಅರ್ಧ ವ್ಯರ್ಥವಾಗಿ ಹೋಗುವುದಕ್ಕೆ ಇದು ಸಾಕ್ಷಿ.

ಆದರೆ ಕಾಲದ ಹಂಚಿಕೆಗಿಂತ ಆಳವಾದ ತಪ್ಪು ಬೇರೊಂದಿದೆ. ಅದು ತಲೆಯನ್ನು ಕಣಜವೆಂದು ಭಾವಿಸುವುದು. ಮೇಲಿನಿಂದ ಕಾಳು ಸುರಿದರೆ ಸಾಕು, ತುಂಬುತ್ತದೆ. ಹೆಚ್ಚು ಸುರಿದರೆ ಹೆಚ್ಚು ತುಂಬುತ್ತದೆ ಎಂಬುದು ಓದುವವನ ನಂಬಿಕೆ, ಓದಿಸುವವನ ನಂಬಿಕೆ, ಪರೀಕ್ಷೆಯ ಹಿಂದಿನ ದಿನ ಗೈಡು ಕೊಂಡುಕೊಡುವ ತಂದೆಯ ನಂಬಿಕೆ. ಮಿದುಳು ಕಣಜವಲ್ಲ, ಬಾವಿ. ಸೇದಿದಷ್ಟೂ ಒರತೆ ತೆರೆಯುವುದು, ಸೇದದೆ ಬಿಟ್ಟರೆ ಪಾಚಿಗಟ್ಟುವುದು ಬಾವಿಯ ಧರ್ಮ.

ಇದು ಬರಿಯ ಉಪಮಾಲಂಕಾರವಲ್ಲ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಓದಲು ಕೊಟ್ಟರು. ಕೆಲವರು ಓದಿದ್ದನ್ನೇ ಮತ್ತೆ ಓದಿದರು. ಕೆಲವರು ಓದಿದ ಮೇಲೆ ಹಾಳೆಯನ್ನು ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ತರುವಾಯ ಕೇಳಿದಾಗ ಮತ್ತೆ ಓದಿದವರೇ ಮುಂದು: ಅವರಿಗೆ ಶೇಕಡಾ 81, ಮುಚ್ಚಿ ಬರೆದವರಿಗೆ 75. ಒಂದು ವಾರ ಬಿಟ್ಟು ಕೇಳಿದಾಗ ತಕ್ಕಡಿ ತಲೆಕೆಳಗಾಯಿತು: ಓದಿದವರಲ್ಲಿ 42 ಉಳಿದಿತ್ತು, ಬರೆದವರಲ್ಲಿ 56. ಇನ್ನೊಂದು ಪ್ರಯೋಗದಲ್ಲಿ ನಾಲ್ಕು ಅವಧಿಯನ್ನೂ ಓದಿನಲ್ಲಿ ಕಳೆದವರು ವಾರದ ಮೇಲೆ ಶೇಕಡಾ 40ರಷ್ಟನ್ನು ಹೇಳಿದರೆ, ಒಂದು ಅವಧಿ ಓದಿ ಮೂರು ಅವಧಿ ನೆನಪಿನಿಂದ ತೆಗೆಯಲು ಯತ್ನಿಸಿದವರು 61ರಷ್ಟನ್ನು ಹೇಳಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ‘ನಿಮಗೆ ವಾರದ ಮೇಲೆ ಎಷ್ಟು ನೆನಪಿರಬಹುದು’ ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆಯಿಂದ ನುಡಿದವರು ನಾಲ್ಕು ಅವಧಿ ಓದಿದವರೇ! ಕಣ್ಣಿಗೆ ಪರಿಚಯವಾದುದನ್ನು ಮನಸ್ಸಿಗೆ ಬಂದುದೆಂದು ತಿಳಿಯುವ ಈ ಭ್ರಾಂತಿಯೇ ಪ್ರಸಾದನಿಲಯದ ಹುಡುಗನ ‘ಬಂತು’ ಎಂಬ ಮಾತಿನ ಒಳಗೆ ಅಡಗಿದ್ದುದು.

ಒಳಗೆ ನಡೆಯುವುದೇನು? ಪ್ರಾಯದ ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಮೈಯ ತೂಕದಲ್ಲಿ ನೂರಕ್ಕೆ ಎರಡು ಪಾಲಾದರೂ ಮೈಗೆ ಬರುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಅದೇ ಉಣ್ಣುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುವುವೆಂದು 2009ರಲ್ಲಿ ಎಣಿಕೆ ಮಾಡಿದರು. (ಮನುಷ್ಯನು ಮಿದುಳಿನ ಹತ್ತನೆಯ ಒಂದು ಪಾಲನ್ನು ಮಾತ್ರ ಬಳಸುವನೆಂದು ಭಾಷಣಗಳಲ್ಲಿ ಕೇಳಿಬರುವ ಮಾತಿಗೆ ಆಧಾರವಿಲ್ಲ, ಮಿಕ್ಕ ಒಂಬತ್ತು ಪಾಲನ್ನು ತೆರೆದುಕೊಡುವೆವೆಂದು ಹಣ ಕೇಳುವವರ ಮಾತಿಗಂತೂ ಇಲ್ಲವೇ ಇಲ್ಲ.) ನರಕೋಶಗಳು ಒಂದರೊಳಗೊಂದು ಬೆಸೆದುಕೊಂಡ ಬಲೆಯಲ್ಲ, ಪ್ರತಿಯೊಂದೂ ಬೇರೆ ಬೇರೆ ಎಂದು ತೋರಿಸಿಕೊಟ್ಟವನು ಸ್ಪೇನಿನ ರಾಮೋನ್ ಇ ಕಾಹಾಲ್, 1906ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಎರಡು ನರಕೋಶಗಳು ಸಮೀಪಿಸುವ ಎಡೆಯನ್ನು ನರಸಂಧಿ ಎನ್ನಬಹುದು. ವ್ಯಾಕರಣ ಓದಿದವರಿಗೆ ಈ ಹೆಸರು ಹಿತವಾಗಿ ಕೇಳುತ್ತದೆ. ಇಲ್ಲಿಯೂ ಲೋಪ ಆಗಮಗಳು ಉಂಟು. ಬಳಕೆಯಿಲ್ಲದ ಸಂಧಿ ಸೊರಗುತ್ತದೆ, ಬಳಸಿದ ಸಂಧಿ ಬಲಗೊಳ್ಳುತ್ತದೆ, ಬಳಕೆ ಬಿಟ್ಟು ಬಿಟ್ಟು ಮರುಕಳಿಸಿದರೆ ಹೊಸ ಸಂಧಿಗಳೇ ಚಿಗುರುತ್ತವೆ. ಇದನ್ನು ಅಪ್ಲೀಸಿಯ ಎಂಬ ಕಡಲಿನ ಒಂದು ಹುಳುವಿನಲ್ಲಿ ಕಣ್ಣಿಗೆ ಕಾಣುವಂತೆ ಸಾಧಿಸಿದ ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ 2000ದ ನೊಬೆಲ್ ಬಹುಮಾನದಲ್ಲಿ ಪಾಲುಗಾರನಾದನು. ಸ್ವಲ್ಪ ಹೊತ್ತಿನ ನೆನಪಿಗೆ ಇರುವ ಸಂಧಿಯೇ ತುಸು ಬಲವಾದರೆ ಸಾಕು. ಬಹುದಿನದ ನೆನಪಿಗೆ ಕೋಶವು ಹೊಸ ಪ್ರೋಟೀನುಗಳನ್ನು ತಯಾರಿಸಿ ಹೊಸ ಕವಲುಗಳನ್ನು ಚಾಚಬೇಕು. ಕವಲು ಚಾಚುವುದಕ್ಕೆ ಹೊತ್ತು ಬೇಕಷ್ಟೆ. ಎಬ್ಬಿಂಗ್‌ಹೌಸನ ಮೂರು ದಿನಗಳ ಹಂಚಿಕೆ ಏಕೆ ಫಲಿಸಿತೆಂಬುದು ಇಲ್ಲಿ ಒಂದಿಷ್ಟು ಹೊಳೆಯುತ್ತದೆ.

ಹೊಸ ನೆನಪನ್ನು ಕಟ್ಟುವ ಅಂಗವೊಂದು ಕಿವಿಯ ಒಳಬದಿಯಲ್ಲಿ, ಮಿದುಳಿನ ಆಳದಲ್ಲಿದೆ. ಕಡಲಕುದುರೆಯ ಆಕಾರವಿರುವುದರಿಂದ ಅದಕ್ಕೆ ಹಿಪೊಕ್ಯಾಂಪಸ್ ಎಂದು ಹೆಸರು. ಅದರ ಮಹತ್ವ ಲೋಕಕ್ಕೆ ತಿಳಿದದ್ದು ಒಬ್ಬ ಮನುಷ್ಯನ ದುರ್ದೈವದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಮೂರ್ಛೆರೋಗ ಬಿಡಿಸಲು 1953ರಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಎರಡು ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಅಂದಿನಿಂದ 2008ರಲ್ಲಿ ತೀರಿಕೊಳ್ಳುವ ತನಕ ಅವನು ಹೊಸದಾಗಿ ಕಂಡವರನ್ನು, ಕೇಳಿದ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಲಾರದೆ ಹೋದನು. ದಶಕಗಳ ಕಾಲ ಅವನನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಎಂಬ ವಿದುಷಿಯನ್ನು ಪ್ರತಿಸಲವೂ ಹೊಸಬಳೆಂದೇ ಕಂಡನು. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ಬರೆಯುವುದರಲ್ಲಿ ಅವನ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದೆ ಬರೆದ ನೆನಪೇ ಅವನಿಗಿರಲಿಲ್ಲ! ಕೈಯ ಕಲಿಕೆ ಬೇರೆ, ಮಾತಿನ ಕಲಿಕೆ ಬೇರೆ ಎಂಬುದಕ್ಕೆ ಇದಕ್ಕಿಂತ ಮನಕರಗಿಸುವ ನಿದರ್ಶನವಿಲ್ಲ.

ಇಷ್ಟೆಲ್ಲ ಪಶ್ಚಿಮದ ಪ್ರಯೋಗಶಾಲೆಗಳಿಂದ ತಿಳಿದುಬಂದುದು. ಮುಚ್ಚಿಟ್ಟು ಹೇಳುವ ಅಭ್ಯಾಸ ಮಾತ್ರ ಕನ್ನಡನಾಡಿನ ಜಗುಲಿಗಳಿಗೆ ಹೊಸದಲ್ಲ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಸಮೀಕ್ಷೆಗೆ ಆಜ್ಞೆ ಮಾಡಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಇಂದಿಗೂ ಓದತಕ್ಕದ್ದು. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದು ಸುಲಭವಾಗಿ ದೊರೆಯುತ್ತದೆ. ಅನಂತಪುರ ಸೀಮೆಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಲಿಂಗಾಯತ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳ ಹೆಸರನ್ನು ಅವನು ಹೇಳಿದ್ದಾನೆ. ಇನ್ನೂರು ವರ್ಷ ಕಳೆದರೂ ರಾಘವಾಂಕನು ಇನ್ನೂ ಪಾಠದಲ್ಲಿದ್ದಾನೆಂಬುದು ಸಂತೋಷದ ಸಂಗತಿಯೇ ಸರಿ.

ಅಂದಿನ ಶಾಲೆಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿಯನ್ನೂ ಪದ್ಯವನ್ನೂ ಎದುರಿಗೆ ಪುಸ್ತಕವಿಲ್ಲದೆ ಗಟ್ಟಿಯಾಗಿ ಹೇಳುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಹಾಗೆ ಹೇಳಿಕೊಡುವುದರಿಂದ ಹಿರಿಯರ ವಿದ್ಯೆಯೂ ಗಟ್ಟಿಯಾಗುತ್ತದೆಂಬುದನ್ನು ಕ್ಯಾಂಪ್‌ಬೆಲ್ ಗುರುತಿಸಿ ಮೆಚ್ಚಿದ್ದಾನೆ, ಇಂಗ್ಲೆಂಡು ಈ ಪದ್ಧತಿಯನ್ನು ಅನುಸರಿಸಿದ್ದು ಯೋಗ್ಯವೇ ಆಯಿತೆಂದಿದ್ದಾನೆ. ಅನುಸರಿಸಿದ ಕಥೆ ಹೀಗಿದೆ: ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಏರ್ಪಾಡು ಮಾಡಿ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದು ಪ್ರಕಟಿಸಿದನು. ಅಲ್ಲಿ ಅದಕ್ಕೆ ಮದರಾಸು ಪದ್ಧತಿ ಎಂದೇ ಹೆಸರಾಯಿತು.

ಇದನ್ನು ಓದಿ ಎದೆಯುಬ್ಬಿಸಿಕೊಳ್ಳುವವರು ವರದಿಯ ಮುಂದಿನ ಪುಟಗಳನ್ನೂ ಓದಬೇಕು. ಹುಡುಗರಿಗೆ ಸಾವಿರಾರು ಪದ್ಯ ಬಾಯಿಗೆ ಬರುತ್ತದೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ತಿಳಿದಿದೆ ಎಂಬ ಭಾವದ ಕಟುನುಡಿಯೂ ಅದರಲ್ಲಿದೆ. ಕ್ಯಾಂಪ್‌ಬೆಲ್ಲನು ತೆಲುಗು ವ್ಯಾಕರಣ ಬರೆದವನು, ಭಾಷೆ ಬಲ್ಲವನು. ಅವನ ಮಾತನ್ನು ಪರಕೀಯನ ದ್ವೇಷವೆಂದು ತಳ್ಳಿಹಾಕುವಂತಿಲ್ಲ. ಶಿಕ್ಷೆಯ ವಿಚಾರವೂ ಅದರಲ್ಲುಂಟು. ಬೆಳಗ್ಗೆ ಶಾಲೆಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಸೋಮಾರಿಯನ್ನು ಎರಡು ಕೈ ಕಟ್ಟಿ ಸೂರಿಗೆ ತೂಗುಹಾಕುವುದೂ ಇತ್ತು. ಮೂವತ್ತನೆಯವನಾಗಿ ಬಂದ ಕೂಸಿನ ಅಂಗೈಯ ಗತಿಯನ್ನು ನೆನೆದರೆ, ಮೊದಲು ಬಂದವನ ಅಂಗೈಯ ಸರಸ್ವತಿಯೂ ಮುಖ ತಿರುಗಿಸಿರಬೇಕು.

ಅರ್ಥವಿಲ್ಲದೆ ಉರುಹಾಕುವುದು ಮತ್ತು ಅಂಜಿಸಿ ಕಲಿಸುವುದು, ಈ ಎರಡರ ಕಾರಣದಿಂದಲೇ ಬಾಯಿಪಾಠಕ್ಕೆ ಕೆಟ್ಟ ಹೆಸರು ಬಂದಿತು. ಹೆಸರು ಕೆಟ್ಟಾಗ ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ಹೊರಗೆ ಎಸೆದದ್ದು ಈಚಿನವರ ಅವಸರ. ಪಾಠ ಒಪ್ಪಿಸುವ ಪದ್ಧತಿ ಹೋಯಿತು. ಅದರ ಸ್ಥಾನಕ್ಕೆ ನೋಟ್ಸು ಬರೆಯಿಸುವುದು, ಗೆರೆ ಎಳೆಯಿಸುವುದು, ಗೈಡಿನ ಉತ್ತರವನ್ನು ಓದಿಸುವುದು ಬಂದವು. ಇವೆಲ್ಲ ಸುರಿಯುವ ಕ್ರಿಯೆಗಳೇ ಹೊರತು ಸೇದುವ ಕ್ರಿಯೆಗಳಲ್ಲ.

ಅರ್ಥವು ನೆನಪಿಗೆ ಹೇಗೆ ಒದಗುತ್ತದೆಂಬುದನ್ನು ಚದುರಂಗದ ಮೇಲೆ ಪರೀಕ್ಷಿಸಿದ್ದಾರೆ. ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ನುರಿತ ಆಟಗಾರನು ಬಹುಪಾಲು ಕಾಯಿಗಳನ್ನು ಸರಿಯಾದ ಮನೆಯಲ್ಲಿ ಇಡುತ್ತಾನೆ. ಕಲಿಯುವವನಿಗೆ ಕೆಲವೇ ಕಾಯಿ ನೆನಪಾಗುತ್ತವೆ. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ನುರಿತವನ ಮೇಲುಗೈ ಬಹುಮಟ್ಟಿಗೆ ಮಾಯವಾಗುತ್ತದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಪ್ರಕಟಿಸಿದ ಈ ಸಂಗತಿ ವಿದ್ವತ್ತನ್ನು ವ್ಯಾಸಂಗ ಮಾಡಿದವರಿಗೆ ತಮ್ಮದೇ ಅನುಭವವೆನಿಸುವುದು. ಶಬ್ದಮಣಿದರ್ಪಣದ ಸೂತ್ರಗಳು ಕಂದಪದ್ಯದಲ್ಲಿವೆ. ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು ಮಾತ್ರೆಗಳ ಲೆಕ್ಕ ಬಲ್ಲವನಿಗೆ ಒಂದಕ್ಷರ ತಪ್ಪಿದರೂ ಕಿವಿ ಚುಚ್ಚುತ್ತದೆ. ಏನೋ ಬಿಟ್ಟಿತೆಂದು ತಾನೇ ಹುಡುಕಿಕೊಳ್ಳುತ್ತಾನೆ. ಷಟ್ಪದಿಗೂ ಇಂತಹ ಕೀಲಿಕೈ ಇದೆ. ಆರು ಸಾಲುಗಳಿಗೂ ಎರಡನೆಯ ಅಕ್ಷರ ಒಂದೇ. ಮೂರನೆಯ ಸಾಲಿನ ಬಾಗಿಲಲ್ಲಿ ನಿಂತ ಆ ಹುಡುಗನಿಗೆ ಆದಿಪ್ರಾಸವನ್ನು ಯಾರಾದರೂ ತೋರಿಸಿಕೊಟ್ಟಿದ್ದರೆ, ಮುಂದಿನ ಸಾಲಿನ ಮೊದಲ ಮಾತಿನಲ್ಲಿ ಎರಡನೆಯ ಅಕ್ಷರ ಯಾವುದೆಂದು ಅವನಿಗೆ ಆಗಲೇ ಗೊತ್ತಿರುತ್ತಿತ್ತು. ಹರಿಶ್ಚಂದ್ರನು ಆ ಕ್ಷಣದಲ್ಲಿ ಯಾರ ಎದುರು ನಿಂತು, ಏನನ್ನು ಕಳೆದುಕೊಂಡು ಆ ಮಾತನ್ನು ಆಡುತ್ತಿರುವನೆಂದು ತಿಳಿದಿದ್ದರೆ ಉಳಿದದ್ದು ತಾನಾಗಿ ಬರುತ್ತಿತ್ತು. ಪ್ರಾಸವೆಂದರೆ ಕವಿಯ ಚಮತ್ಕಾರವೆಂದು ಮಾತ್ರ ಪಾಠ ಹೇಳುವವರು ಅದು ಓದುಗನ ಕೈಗೆ ಕವಿ ಕೊಟ್ಟ ಹಿಡಿಕೆ ಎಂಬುದನ್ನು ಮರೆಯುತ್ತಾರೆ.

ಅಂಜಿಕೆಯ ವಿಚಾರದಲ್ಲಿ ಮಿದುಳಿನ ನಡೆ ಇನ್ನೂ ವಿಚಿತ್ರವಾದುದು. ಹಿಪೊಕ್ಯಾಂಪಸ್ಸಿನ ತುದಿಗೆ ಹೊಂದಿಕೊಂಡು ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗವೊಂದಿದೆ. ಭಯ ಬಂದಾಗ ಅದು ಎಚ್ಚರಗೊಂಡು ಭಯದ ಕಾರಣವನ್ನು ಆಳವಾಗಿ ಅಚ್ಚೊತ್ತಿಸುತ್ತದೆ. ಅದೇ ಹೊತ್ತಿನಲ್ಲಿ ರಕ್ತದಲ್ಲಿ ಏರುವ ಕಾರ್ಟಿಸಾಲ್ ಎಂಬ ದ್ರವ್ಯವು ಹಿಂದೆ ಕಲಿತುದನ್ನು ಹೊರತೆಗೆಯುವ ಕೆಲಸಕ್ಕೆ ಅಡ್ಡಬರುತ್ತದೆ. ಆದಕಾರಣ ಬೆತ್ತ ಹಿಡಿದು ಪದ್ಯ ಕೇಳಿದರೆ ಪದ್ಯ ಬಾಯಿಗೆ ಬಾರದು, ಬೆತ್ತ ಮಾತ್ರ ಜೀವಮಾನವೆಲ್ಲ ನೆನಪಿರುವುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಮಾಯವಾಯಿತು, ನಗೆ ಉಳಿಯಿತು. ತರಗತಿಯ ನಗೆಯೂ ಬೆತ್ತದ ಕೆಲಸವನ್ನೇ ಮಾಡುತ್ತದೆಂಬುದನ್ನು ಒಪ್ಪಿಕೊಳ್ಳಲು ಹಲವರಿಗೆ ಇನ್ನೂ ಮನಸ್ಸಿಲ್ಲ.

ನಿದ್ದೆಯ ಬಗೆಗೂ ಒಂದು ಮಾತು. ಪರೀಕ್ಷೆಯ ಕಾಲದಲ್ಲಿ ಇರುಳೆಲ್ಲ ದೀಪ ಉರಿಯುವ ವಿದ್ಯಾರ್ಥಿನಿಲಯವನ್ನು ಕಂಡು ದಾನಿಗಳು ಮೆಚ್ಚುವುದುಂಟು. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು, ಕಲಿತ ಮೇಲೆ ಎಚ್ಚರವಿದ್ದವರಿಗಿಂತ ನಿದ್ದೆ ಮಾಡಿದವರಲ್ಲಿ ಹೆಚ್ಚು ಉಳಿಯುವುದನ್ನು ತೋರಿಸಿದರು. ಹಗಲು ನಡೆದ ದಾರಿಯನ್ನು ಇಲಿಯ ಹಿಪೊಕ್ಯಾಂಪಸ್ಸು ನಿದ್ದೆಯಲ್ಲಿ ಮತ್ತೊಮ್ಮೆ ನಡೆಯುವುದನ್ನು 1994ರಲ್ಲಿ ದಾಖಲಿಸಿದ್ದಾರೆ. ಎಂದಮೇಲೆ ಹತ್ತು ಗಂಟೆಗೆ ದೀಪ ಆರಿಸುವ ನಿಲಯಪಾಲಕರೂ ಪಾಠ ಹೇಳುವವರೇ ಆಗಿದ್ದಾರೆ.

ಖರ್ಚಿಲ್ಲದೆ ಇದನ್ನೆಲ್ಲ ಆಚರಣೆಗೆ ತರಬಹುದೆಂಬುದು ಉಪಾಧ್ಯಾಯರ ಗಮನಕ್ಕೆ ಬರಬೇಕಾದ ವಿಷಯ. ಪಾಠದ ಮೊದಲ ಐದು ನಿಮಿಷ ನಿನ್ನೆಯ ಪಾಠವನ್ನು ಪುಸ್ತಕ ತೆರೆಯದೆ ಹೇಳಿಸುವುದು, ಅಂಕವಿಲ್ಲ, ಅವಮಾನವಿಲ್ಲ. ತಪ್ಪಿದರೆ ಅಲ್ಲಿಯೇ ತಿದ್ದುವುದು, ಏಕೆಂದರೆ ತಪ್ಪಾಗಿ ಸೇದಿದ್ದೂ ಬಲಗೊಳ್ಳುವ ಅಪಾಯವಿದೆ. ಸೋಮವಾರದ ಪದ್ಯವನ್ನು ಗುರುವಾರ ಒಮ್ಮೆ, ಮುಂದಿನ ವಾರ ಒಮ್ಮೆ ಕೇಳುವುದು. 1917ರಲ್ಲಿ ಆರ್ಥರ್ ಗೇಟ್ಸ್ ಶಾಲೆಯ ಮಕ್ಕಳನ್ನೇ ಪರೀಕ್ಷಿಸಿ, ಕಲಿಯುವ ಹೊತ್ತಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಓದಿಗಲ್ಲ, ಒಪ್ಪಿಸುವುದಕ್ಕೆ ಕೊಟ್ಟವರೇ ಚೆನ್ನಾಗಿ ಕಲಿತರೆಂದು ಕಂಡನು. ನೂರು ವರ್ಷದ ಹಿಂದೆಯೇ ಅಚ್ಚಾದ ಈ ಸಂಗತಿ ತರಬೇತಿ ಕಾಲೇಜುಗಳ ಕಪಾಟಿನಿಂದ ಕೆಳಗಿಳಿದು ತರಗತಿಗೆ ಬರಲು ಇಷ್ಟು ತಡವೇಕೆಂಬುದು ಬೇರೆಯೇ ಪ್ರಶ್ನೆ.

ಆ ಹುಡುಗನ ವಿಷಯಕ್ಕೆ ಬರುವುದಾದರೆ, ಅವನನ್ನು ನಕ್ಕ ಗುರುಗಳೇ ಒಂದು ವಾರ ಬಿಟ್ಟು ಪಡಸಾಲೆಯ ಕಡೆಗೆ ಬಂದರು. ಅವನ ಮಾತು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತೋ ಏನೋ. “ತಮ್ಮಾ, ಇನ್ನು ಮೇಲೆ ಎರಡು ಸಲ ಓದು, ಸಾಕು. ಆಮೇಲೆ ಪುಸ್ತಕವನ್ನು ಇವನ ಕೈಗೆ ಕೊಟ್ಟು ಒಪ್ಪಿಸು” ಎಂದು ಐದನೆಯ ತರಗತಿಯ ಒಬ್ಬ ಪುಟ್ಟ ಹುಡುಗನನ್ನು ಕರೆದು ಎದುರಿಗೆ ಕೂರಿಸಿದರು. ಷಟ್ಪದಿಯ ಎರಡನೆಯ ಅಕ್ಷರವನ್ನು ಬೆರಳಿಟ್ಟು ತೋರಿಸಿದರು. ಸತ್ಯಕ್ಕಾಗಿ ರಾಜ್ಯವನ್ನು ಬಿಟ್ಟುಹೋದ ಅರಸನ ಕಥೆಯನ್ನು ಇಬ್ಬರಿಗೂ ಮೊದಲಿನಿಂದ ಹೇಳಿ ಹೊರಟುಹೋದರು.

ಆ ಇರುಳು ಜೇನಿನ ಮೊರೆತದ ನಡುವೆ ಸಾಲಿನ ತುದಿಯಿಂದ ಬೇರೊಂದು ದನಿ ಕೇಳಿಸುತ್ತಿತ್ತು. ಎರಡು ಸಾಲು ಸರಾಗವಾಗಿ ಬಂದವು. ಮೂರನೆಯದರಲ್ಲಿ ದನಿ ನಿಂತಿತು. ಹುಡುಗನ ಕಣ್ಣು ತಾನಾಗಿ ಪುಸ್ತಕದ ಕಡೆಗೆ ಹೊರಳಿತು. ಪುಟ್ಟವನು ಪುಸ್ತಕವನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಹಿಂದಕ್ಕೆ ಸರಿದನು.

“ನೋಡಬೇಡ ಅಣ್ಣಾ, ನೆನೆಸಿಕೋ. ನಾನು ಕಾಯ್ತೀನಿ.”